ನೋಡಿ ಮರೆಯುವ ಕನ್ನಡಿ: ಕಣ್ಗಾವಲಿನ ಬಗ್ಗೆ ಒಂದು ಕಲಾಕೃತಿ ಕಟ್ಟುವ ಕ್ರಮ

ಕಾಸರಗೋಡಿನ ಹಳೆ ಬಸ್ ನಿಲ್ದಾಣದ ಸುತ್ತ ಒಮ್ಮೆ ಕತ್ತು ಮೇಲೆತ್ತಿಕೊಂಡೇ ನಡೆದು ನೋಡಿ. ಚಿನ್ನದಂಗಡಿ, ಮೆಡಿಕಲ್, ಬೇಕರಿ, ಎಟಿಎಂ, ಲಾಡ್ಜಿನ ಮೆಟ್ಟಿಲು, ಎಲ್ಲಿ ನೋಡಿದರೂ ಮೂಲೆಯಲ್ಲೊಂದು ಗಾಜಿನ ಕಣ್ಣು. 2023ರ ಜೂನ್ 5ರಂದು ಕೇರಳದ ರಸ್ತೆಗಳಲ್ಲಿ 726 ಎಐ ಕ್ಯಾಮೆರಾಗಳು ದಂಡ ಹಾಕಲು ಶುರುಮಾಡಿದಾಗ ಎಲ್ಲರ ಬಾಯಲ್ಲೂ ಅದೇ ಮಾತು. ಬೇಕರಿಯ ಕ್ಯಾಮೆರಾ ಮನೆಗೆ ನೋಟಿಸು ಕಳಿಸುವುದಿಲ್ಲ, ಹಾಗಾಗಿ ಅದರ ಬಗ್ಗೆ ಮಾತೂ ಇಲ್ಲ. ಆದರೆ ದಿನಕ್ಕೆ ನಾಲ್ಕು ಸಲ ನಿಮ್ಮನ್ನು ನೋಡುವುದು ಅದೇ. ಆ ನೋಟ ಬಂದವರ ಮೈಗೆ ತಾಗುವಂತೆ ಮಾಡುವ ಒಂದು ಕೃತಿಯನ್ನು ಊರಿನ ಗ್ರಂಥಾಲಯದಲ್ಲೋ ಕ್ಲಬ್ಬಿನ ಹಾಲಿನಲ್ಲೋ ಹೇಗೆ ಕಟ್ಟುವುದು ಎಂಬುದು ಇಲ್ಲಿದೆ. 20 ಅಡಿಗೆ 15 ಅಡಿಯ ಜಾಗ ಸಾಕು. ಇದರಲ್ಲಿ ಮೂರು ಭಾಗ: ಒಂದು ಕನ್ನಡಿ, ಒಂದಷ್ಟು ಅಡಿಕೆ ಹಾಳೆಯ ಮುಖವಾಡ, ನೆಲದ ಮೇಲೊಂದು ರಂಗೋಲಿ ನಕ್ಷೆ.

ಕೆಲಸಕ್ಕೆ ಇಳಿಯುವ ಮೊದಲು ಒಂದು ನಿಯಮ ಗಟ್ಟಿ ಮಾಡಿಕೊಳ್ಳಿ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಬಂದವರ ಒಂದು ಮುಖವೂ, ಒಂದು ಹೆಸರೂ, ಒಂದು ಫೋನ್ ನಂಬರೂ ಒಳಗೆ ಉಳಿದಿರಬಾರದು. ಕಣ್ಗಾವಲನ್ನು ಪ್ರಶ್ನಿಸುವ ಕೃತಿಗಳೇ ಎಷ್ಟೋ ಸಲ ಬಂದವರ ಮುಖ ಸೆರೆಹಿಡಿದು ಗೋಡೆಗೆ ಅಂಟಿಸುತ್ತವೆ. ನೋಡುವವರಿಗೆ ರೋಮಾಂಚನವಾಗುತ್ತದೆ, ನಿಜ. ಆದರೆ ಯಾವುದನ್ನು ತಪ್ಪು ಎನ್ನುತ್ತೀರೋ ಅದನ್ನೇ ಮಾಡಿದಂತಾಯಿತು. ಈ ನಿಯಮ ಬಾಗಿಲ ಬಳಿಯ ಅಭಿಪ್ರಾಯ ಪುಸ್ತಕಕ್ಕೂ ಸಲ್ಲುತ್ತದೆ. ಅದರಲ್ಲಿ ಸಾಮಾನ್ಯವಾಗಿ ಗೆರೆ ಹಾಕಿಡುವ ‘ವಿಳಾಸ, ಮೊಬೈಲ್’ ಕಾಲಂ ಬೇಡ.

ಕನ್ನಡಿ

ಎದುರು ನಿಂತವರಿಗೆ ತಮ್ಮ ಪ್ರತಿಬಿಂಬ ಕಾಣುತ್ತದೆ. ಒಂದೆರಡು ಕ್ಷಣದಲ್ಲಿ ಅವರ ಮುಖದ ಸುತ್ತ ತೆಳುವಾದ ಚೌಕವೊಂದು ಬಂದು ಕೂರುತ್ತದೆ. ಸರಿದರೆ ಅದೂ ಸರಿಯುತ್ತದೆ. ಕನ್ನಡಿಯ ಹಿಂದೆ ಇರುವುದು ಕಪ್ಪು ಪರದೆ, ಅದರ ಮೇಲೆ ಬಿಳಿ ಗೆರೆ ಮಾತ್ರ. ಕ್ಯಾಮೆರಾ ಕಂಡ ಚಿತ್ರವನ್ನು ಪರದೆಗೆ ತರುವುದೇ ಇಲ್ಲ. ಮುಖ ನಿಮ್ಮದೇ ಪ್ರತಿಬಿಂಬ, ಯಂತ್ರದ್ದು ಬರೀ ಗೆರೆ.

ಬೇಕಾದದ್ದು: 5 ಮಿ.ಮೀ. ದಪ್ಪದ, 24 ಇಂಚು ಎತ್ತರ 18 ಇಂಚು ಅಗಲದ ಗಾಜು. ಅದಕ್ಕೆ ಅಂಟಿಸಲು ಕಿಟಕಿಗೆ ಹಾಕುವ ಬೆಳ್ಳಿ ಬಣ್ಣದ ಒನ್‌ವೇ ಫಿಲ್ಮ್. 21.5 ಇಂಚಿನ ಮಾನಿಟರ್. 4 ಜಿಬಿಯ ರಾಸ್ಬೆರಿ ಪೈ 4 (ಅಂಗೈಯಷ್ಟೇ ಇರುವ ಪುಟ್ಟ ಕಂಪ್ಯೂಟರ್), ಅದರ ಕ್ಯಾಮೆರಾ ಮಾಡ್ಯೂಲ್ 3, 32 ಜಿಬಿ ಮೆಮೊರಿ ಕಾರ್ಡ್, 3 ಆಂಪಿಯರಿನ ಅಸಲಿ ಪವರ್ ಅಡಾಪ್ಟರ್. 12 ಮಿ.ಮೀ. ಪ್ಲೈವುಡ್ಡಿನ, 15 ಸೆಂ.ಮೀ. ಆಳದ ಪೆಟ್ಟಿಗೆ. ಒಂದು 600 ವಿಎ ಯುಪಿಎಸ್. ಹಳೆ ಲ್ಯಾಪ್‌ಟಾಪಿನಿಂದಲೂ ಈ ಕೆಲಸ ಆಗುತ್ತದೆ. ಆದರೂ ಪೈಗೆ ಒಂದು ಮೆರಿಟ್ ಇದೆ: ಅದರ ಕ್ಯಾಮೆರಾದಲ್ಲಿ ಮೈಕ್ ಇಲ್ಲ. ಯುಎಸ್‌ಬಿ ವೆಬ್‌ಕ್ಯಾಮುಗಳಲ್ಲಿ ಸಾಮಾನ್ಯವಾಗಿ ಮೈಕ್ ಇರುತ್ತದೆ, ಬಂದವರ ಮಾತು ಕೇಳಿಸಿಕೊಳ್ಳುವ ಕಿವಿ ಈ ಕೃತಿಗೆ ಬೇಡವೇ ಬೇಡ.

ಮಾನಿಟರನ್ನು ಉದ್ದುದ್ದ ನಿಲ್ಲಿಸಬೇಕು. ಆಗ ಪರದೆ 27 ಸೆಂ.ಮೀ. ಅಗಲ, 47 ಸೆಂ.ಮೀ. ಚಿಲ್ಲರೆ ಎತ್ತರ. ಕೊಳ್ಳುವಾಗ ಐಪಿಎಸ್ ಪ್ಯಾನೆಲ್ ಎಂದು ಖಾತ್ರಿ ಮಾಡಿಕೊಳ್ಳಿ. ಹಳೆಯ ಟಿಎನ್ ಪ್ಯಾನೆಲನ್ನು ಹೀಗೆ ತಿರುಗಿಸಿದರೆ ಪಕ್ಕಕ್ಕೆ ನಿಂತವರಿಗೆ ಕಪ್ಪು ಬೂದಿಯಾಗಿ ಕಾಣುತ್ತದೆ, ಕನ್ನಡಿಯ ಗುಟ್ಟು ಹೊರಬೀಳುತ್ತದೆ. ಮಸೂರ ನೆಲದಿಂದ 175 ಸೆಂ.ಮೀ. ಎತ್ತರದಲ್ಲಿ, ಪರದೆಯ ಮೇಲಂಚಿನಿಂದ 3 ಸೆಂ.ಮೀ. ಮೇಲೆ, ಸರಿಯಾಗಿ ನಡುವೆ ಇರಲಿ.

ಫಿಲ್ಮ್ ಅಂಟಿಸುವುದು ಸುಲಭವೆನ್ನಿಸುವ, ಆದರೆ ಹೆಚ್ಚು ಕೈಕೊಡುವ ಹಂತ. ಫ್ಯಾನ್ ಆರಿಸಿ, ಕಿಟಕಿ ಹಾಕಿ, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ ಕೆಲಸ ಹಿಡಿಯಿರಿ. ಗಾಜನ್ನು ಬ್ಲೇಡಿನಿಂದ ಕೆರೆದು, ಒಂದು ಲೀಟರ್ ನೀರಿಗೆ ನಾಲ್ಕೈದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಧಾರಾಳವಾಗಿ ಚಿಮುಕಿಸಿ, ಫಿಲ್ಮ್ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ರಬ್ಬರ್ ಪಟ್ಟಿಯಿಂದ ನೀರು ಎಳೆಯಿರಿ. ಕೆರೆದಾಗ ಉಳಿದ ಒಂದು ಕಣ ಧೂಳು ಸಾಕು, ಅದರ ಸುತ್ತ ಗುಳ್ಳೆ ಎದ್ದು ನೋಡುವವರ ಕೆನ್ನೆಯ ಮೇಲೇ ಬಂದು ಕೂರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಫಿಲ್ಮಿನ ಅಡಿಯ ನೀರು ಆರಲು ಬಹಳ ದಿನ ಹಿಡಿಯುತ್ತದೆ, ಅಷ್ಟು ದಿನವೂ ಮಬ್ಬು ಮಬ್ಬು. ಪ್ರದರ್ಶನಕ್ಕೆ ಹತ್ತು ಹದಿನೈದು ದಿನ ಮೊದಲೇ ಅಂಟಿಸಿಡಿ.

ಫಿಲ್ಮ್ ಒಣಗಿದ ಮೇಲೆ ಮಸೂರ ಬರುವಲ್ಲಿ 20 ಮಿ.ಮೀ. ಅಡ್ಡಳತೆಯ ವೃತ್ತ ಕತ್ತರಿಸಿ ತೆಗೆಯಿರಿ. ಫಿಲ್ಮ್ ಬೆಳಕಿನ ದೊಡ್ಡ ಪಾಲನ್ನು ತಡೆಯುತ್ತದೆ, ಅದರ ಮೂಲಕ ನೋಡುವ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕಾಗುತ್ತದೆ, ಸ್ವಲ್ಪ ಅಲುಗಿದರೂ ಮುಖ ಕಲಸಿಹೋಗುತ್ತದೆ. ಮಸೂರದ ಸುತ್ತ ಕಪ್ಪು ಫೋಮಿನ ಬಳೆ ಇಟ್ಟು ಗಾಜಿಗೆ ಒತ್ತಿ ಕೂರಿಸಿ. ಬಳೆ ಇಲ್ಲದಿದ್ದರೆ ಪರದೆಯ ಬೆಳಕು ಗಾಜಿನ ಒಳಮೈಗೆ ಬಡಿದು ಮಸೂರಕ್ಕೇ ವಾಪಸ್ಸು ಬರುತ್ತದೆ. ಫೋಕಸ್ ತಾನಾಗಿ ಹುಡುಕಲು ಬಿಡಬೇಡಿ, ಲೆನ್ಸ್ ಪೊಸಿಷನ್ 1.0 ಎಂದು ಕಟ್ಟಿಹಾಕಿ. ಅದು 1 ಮೀಟರ್ ದೂರಕ್ಕೆ ಸರಿ.

ಕನ್ನಡಿ ಕನ್ನಡಿಯಾಗುವುದು ಬೆಳಕಿನಿಂದ. ನಿಂತವರ ಕಡೆ ಬೆಳಕು ಹೆಚ್ಚು, ಪೆಟ್ಟಿಗೆಯೊಳಗೆ ಕತ್ತಲೆ. ಪೆಟ್ಟಿಗೆಯ ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ನಿಂತವರ ಎರಡೂ ಪಕ್ಕದಿಂದ 9 ವಾಟಿನ ಒಂದೊಂದು ಎಲ್‌ಇಡಿ ಬಲ್ಬು ಮುಖಕ್ಕೆ ಬೀಳಲಿ, ಬೆನ್ನ ಹಿಂದೆ ಬೆಳಕಿನ ಕಿಟಕಿ ಇರದಿರಲಿ. ಅಲ್ಲಿ ಕಿಟಕಿ ಇದ್ದರೆ ತೆಂಗಿನ ಮಡಲ ತಟ್ಟಿ ಕಟ್ಟಿ ಮುಚ್ಚಿ, ನೋಡಲೂ ಚೆಂದ. ಮಾನಿಟರಿನ ಬ್ರೈಟ್‌ನೆಸ್ ಇಳಿಸುತ್ತಾ ಬನ್ನಿ: ಕಪ್ಪು ಪರದೆಯ ಅಂಚು ಕಾಣದಂತಾಗಿ, ಬಿಳಿ ಗೆರೆ ಇನ್ನೂ ಕಾಣುವಲ್ಲಿ ನಿಲ್ಲಿಸಿ.

ಚೌಕ ಎಲ್ಲಿ ಕೂರಬೇಕು

ಕೃತಿಯ ಜೀವ ಇಲ್ಲಿದೆ, ಎಡವುವುದೂ ಇಲ್ಲೇ. ಕ್ಯಾಮೆರಾಕ್ಕೆ ಕಂಡಷ್ಟು ದೊಡ್ಡ ಚೌಕವನ್ನು, ಕಂಡ ಜಾಗದಲ್ಲೇ ಪರದೆಗೆ ಹಾಕಿದರೆ ಅದು ಪ್ರತಿಬಿಂಬದ ಮೇಲೆ ಕೂರುವುದಿಲ್ಲ, ಕಿವಿಯ ಪಕ್ಕದಲ್ಲೆಲ್ಲೋ ತೇಲುತ್ತದೆ.

ಬಚ್ಚಲುಮನೆಯ ಕನ್ನಡಿಗೆ ಹಬೆ ಹಿಡಿದಾಗ ನಿಮ್ಮ ಮುಖದ ಸುತ್ತ ಬೆರಳಿನಿಂದ ಗೆರೆ ಎಳೆದು ಅಳೆದು ನೋಡಿ. ಮುಖದ ಸರಿಯಾಗಿ ಅರ್ಧ ಅಳತೆ ಬರುತ್ತದೆ. ಹಿಂದೆ ಸರಿದರೂ, ಮುಂದೆ ಬಂದರೂ ಅರ್ಧವೇ. ಪ್ರತಿಬಿಂಬ ಕನ್ನಡಿಯ ಹಿಂದೆ ನಿಮ್ಮಷ್ಟೇ ದೂರದಲ್ಲಿರುವುದರಿಂದ ಕನ್ನಡಿ ಯಾವತ್ತೂ ದಾರಿಯ ಅರ್ಧಕ್ಕೆ ನಿಂತಿರುತ್ತದೆ. ಹಾಗಾಗಿ ಚೌಕದ ಅಳತೆ ಬದಲಾಗಬೇಕಾಗಿಲ್ಲ. ದೊಡ್ಡವರ ಮುಖ ಸುಮಾರು 15 ಸೆಂ.ಮೀ. ಅಗಲ, 22 ಸೆಂ.ಮೀ. ಉದ್ದ. ಚೌಕ 8 ಸೆಂ.ಮೀ.ಗೆ 11 ಸೆಂ.ಮೀ. ಇದ್ದರೆ ಸರಿಹೋಗುತ್ತದೆ. ಈ ಪರದೆಯಲ್ಲಿ 1 ಸೆಂ.ಮೀ.ಗೆ 40 ಪಿಕ್ಸೆಲ್, ಅಂದರೆ 320ಕ್ಕೆ 440 ಪಿಕ್ಸೆಲ್.

ಜಾಗಕ್ಕೆ ಸಣ್ಣ ಲೆಕ್ಕ. ಚೌಕ ಇರಬೇಕಾದದ್ದು ನಿಮ್ಮ ಮುಖಕ್ಕೆ ನೇರ ಎದುರಿಗೆ. ಕ್ಯಾಮೆರಾ ಚಿತ್ರದಲ್ಲಿ ಮುಖದ ನಡುಬಿಂದು ಚಿತ್ರದ ನಡುವಿನಿಂದ ಎಷ್ಟು ಪಿಕ್ಸೆಲ್ ದೂರ ಎಂದು ನೋಡಿ, ಅದನ್ನು ಮುಖದ ಅಗಲದ ಪಿಕ್ಸೆಲಿನಿಂದ ಭಾಗಿಸಿ, 15ರಿಂದ ಗುಣಿಸಿ. ಮಸೂರದ ನೇರದಿಂದ ಎಷ್ಟು ಸೆಂ.ಮೀ. ಪಕ್ಕಕ್ಕೆ ಎಂಬುದು ಸಿಕ್ಕಿತು. ಉದಾಹರಣೆಗೆ 640 ಪಿಕ್ಸೆಲ್ ಅಗಲದ ಚಿತ್ರ, ನಡು 320. ಮುಖ 360ರಲ್ಲಿದೆ, ಅಗಲ 75. ವ್ಯತ್ಯಾಸ 40, ಭಾಗಿಸಿ ಗುಣಿಸಿದರೆ 8 ಸೆಂ.ಮೀ. ಕ್ಯಾಮೆರಾದ ಬಲ ನಿಮ್ಮ ಎಡವಾದ್ದರಿಂದ ಎಡಕ್ಕೆ 8 ಸೆಂ.ಮೀ. ಈ ತಿರುವು ಮರೆತರೆ ನೀವು ಎಡಕ್ಕೆ ಹೋದಾಗ ಚೌಕ ಬಲಕ್ಕೆ ಓಡುತ್ತದೆ. ಕೆಳಗೆ ಎಷ್ಟು ಎನ್ನುವುದಕ್ಕೂ ಇದೇ ಲೆಕ್ಕ, ಆದರೆ ಕ್ಯಾಮೆರಾ ಒಂದಿಷ್ಟೂ ತಲೆ ತಗ್ಗಿಸಿರಬಾರದು, ಗಾಜಿಗೆ ನೇರವಾಗಿ ನೋಡುತ್ತಿರಬೇಕು. ದೂರ ತಿಳಿಯದೆಯೇ ಲೆಕ್ಕ ಕೂಡುವುದು ಇದರ ಸೊಗಸು.

ಆ 15 ಎಂಬ ಸಂಖ್ಯೆಯನ್ನು ನೀವೇ ಹದ ಮಾಡಿಕೊಳ್ಳಬೇಕು, ಯಾಕೆಂದರೆ ಯಂತ್ರ ಗುರುತಿಸುವ ಅಗಲವೂ ನಿಜವಾದ ಮುಖದ ಅಗಲವೂ ಒಂದೇ ಅಲ್ಲ. ನೆಲಕ್ಕೆ 60, 100, 150 ಸೆಂ.ಮೀ. ದೂರದಲ್ಲಿ ಟೇಪು ಅಂಟಿಸಿ, ಒಬ್ಬರು ನಡುವಿನಿಂದ 10 ಸೆಂ.ಮೀ. ಪಕ್ಕಕ್ಕೆ ನಿಲ್ಲಲಿ. ಚೌಕ ಮೂಗಿನ ಮೇಲೆ ಬರುವ ತನಕ ಸಂಖ್ಯೆ ಏರಿಸಿ ಇಳಿಸಿ.

ಚಿತ್ರದಲ್ಲಿ ಮುಖ ಎಲ್ಲಿದೆ ಎಂದು ಗುರುತಿಸಲು, ಓಪನ್‌ಸಿವಿ ಎಂಬ ಪುಕ್ಕಟೆ ತಂತ್ರಾಂಶದಲ್ಲಿರುವ ಹಾರ್ ಕ್ಯಾಸ್ಕೇಡ್ ಸಾಕು. ವಯೋಲಾ ಮತ್ತು ಜೋನ್ಸ್ 2001ರಲ್ಲಿ ಪ್ರಕಟಿಸಿದ ಕ್ರಮ ಅದು. ಸ್ಕೇಲ್ ಫ್ಯಾಕ್ಟರ್ 1.1, ಮಿನ್ ನೇಬರ್ಸ್ 5, ಅತಿ ಚಿಕ್ಕ ಮುಖ 50 ಪಿಕ್ಸೆಲ್ ಎಂದು ಶುರುಮಾಡಿ. ಚಿತ್ರ 640ಕ್ಕೆ 480 ಇದ್ದರೆ ಸಾಕು. ಇನ್ನೂ ದೊಡ್ಡದಾದರೆ ಪೈ ಏದುಸಿರು ಬಿಡುತ್ತದೆ, ಚೌಕ ಮುಖದ ಹಿಂದೆ ಹಿಂದೆ ಎಳೆದುಕೊಂಡು ಬರುತ್ತದೆ. ಚೌಕ ನಡುಗುತ್ತಿದ್ದರೆ ಹಳೆ ಜಾಗಕ್ಕೆ 70 ಪಾಲು, ಹೊಸ ಜಾಗಕ್ಕೆ 30 ಪಾಲು ತೂಕ ಕೊಟ್ಟು ಬೆರೆಸಿ. ಹಾಲಿನ ಎದುರು ಗೋಡೆಯಲ್ಲಿ ತೂಗುಹಾಕಿದ ಮಹನೀಯರ ಫೋಟೋಗಳನ್ನು ಮರೆಯಬೇಡಿ. ಯಂತ್ರಕ್ಕೆ ಅವೂ ಮುಖಗಳೇ. ಯಾರೂ ನಿಲ್ಲದ ಕನ್ನಡಿಯಲ್ಲಿ ಚೌಕ ಮೂಡುತ್ತಿದ್ದರೆ ಮೊದಲು ಬೆನ್ನ ಹಿಂದಿನ ಗೋಡೆ ನೋಡಿ. ಮುರಕಲ್ಲಿನ ಗೋಡೆಯ ತೂತುಗಳಲ್ಲೂ ಅದಕ್ಕೆ ಆಗಾಗ ಕಣ್ಣು ಮೂಗು ಕಾಣುತ್ತದೆ, ಅಲ್ಲೊಂದು ಸಾದಾ ಬಟ್ಟೆ ಇಳಿಬಿಡಿ.

ಚೌಕದ ಕೆಳಗೆ ಎರಡೇ ಸಾಲು ಬರಹ: ‘ನಿಂತದ್ದು 14 ಸೆಕೆಂಡು’, ‘ದೂರ 80 ಸೆಂ.ಮೀ.’ ದೂರಕ್ಕೆ, 100 ಸೆಂ.ಮೀ.ನಲ್ಲಿ ನಿಂತಾಗ ಮುಖ ಎಷ್ಟು ಪಿಕ್ಸೆಲ್ ಅಗಲ ಎಂದು ಒಮ್ಮೆ ಅಳೆದಿಡಿ. ಅದು 75 ಆದರೆ 7,500ನ್ನು ಆಗಿನ ಅಗಲದಿಂದ ಭಾಗಿಸುತ್ತಾ ಹೋಗುವುದು. ವಯಸ್ಸು, ಗಂಡೋ ಹೆಣ್ಣೋ, ಸಿಟ್ಟೋ ನಗುವೋ ಎಂದು ಊಹಿಸುವ ಮಾದರಿಗಳು ಪುಕ್ಕಟೆ ಸಿಗುತ್ತವೆ, ಅವನ್ನು ಹಾಕಲೇಬೇಡಿ. ತಪ್ಪು ಊಹೆ ನಾಲ್ಕು ಜನರ ಎದುರು ಒಬ್ಬರ ಮುಖದ ಮೇಲೆ ಮೂಡಿದರೆ ಅದು ಅವಮಾನ. ಅಳೆದದ್ದನ್ನು ಮಾತ್ರ ಹೇಳಿ. ಸುಮ್ಮನೆ ಏರುತ್ತಿರುವ ಸೆಕೆಂಡುಗಳೇ ಸಾಕಷ್ಟು ಇರಿಯುತ್ತವೆ. ನಿಂತವರು ಸರಿದ ಮೂರು ಸೆಕೆಂಡಿಗೆ ‘ಮರೆತಾಯಿತು’ ಎಂದು ಬಂದು ಎಲ್ಲವೂ ಸೊನ್ನೆಯಾಗಲಿ.

ಓಪನ್‌ಸಿವಿಯ ಅಕ್ಷರ ಬರೆಯುವ ಆಜ್ಞೆಗೆ ಕನ್ನಡ ಬರುವುದಿಲ್ಲ, ಬರೀ ಪ್ರಶ್ನಾರ್ಥಕ ಚಿಹ್ನೆಗಳು ಸಾಲುಗಟ್ಟುತ್ತವೆ. ಪಿಲ್ಲೋ ಎಂಬ ಇನ್ನೊಂದು ಚಿತ್ರ ತಂತ್ರಾಂಶ ಬಳಸಿದರೂ ಅಕ್ಷರ ಕೂಡಿಸುವ ರಾಕ್ಮ್ ಎಂಬ ಜೋಡಣೆ ಇಲ್ಲದಿದ್ದರೆ ‘ನಿಂತದ್ದು’ವಿನ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿರುತ್ತದೆ. ಮಲಯಾಳಕ್ಕೂ ಅದೇ ಗತಿ. ಸುಲಭದ ದಾರಿ: ಪದಗಳನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರೆದು ಕಪ್ಪು ಹಿನ್ನೆಲೆಯ ಚಿತ್ರವಾಗಿ ಉಳಿಸಿ, ಅದನ್ನೇ ಅಂಟಿಸಿ. ಅಂಕಿಗಳನ್ನು ಮಾತ್ರ ಪ್ರೋಗ್ರಾಮ್ ಬರೆಯಲಿ.

ಇನ್ನು ಮರೆಯುವ ಮಾತು. ಪ್ರೋಗ್ರಾಮಿನಲ್ಲಿ ಚಿತ್ರ ಉಳಿಸುವ ಒಂದು ಸಾಲೂ ಇರಬಾರದು, ಪರೀಕ್ಷೆಗೆಂದು ಹಾಕಿದ್ದೂ ಕೂಡ. ಪರೀಕ್ಷೆಯ ಸಾಲುಗಳೇ ಸಾಮಾನ್ಯವಾಗಿ ಉಳಿದುಬಿಡುವುದು. ವೈಫೈ, ಬ್ಲೂಟೂತ್ ಎರಡೂ ಬಂದ್. ಎಲ್ಲ ಸರಿಯಾದ ಮೇಲೆ ಪೈಯ ಸೆಟ್ಟಿಂಗಿನಲ್ಲಿ ಪರ್ಫಾರ್ಮೆನ್ಸ್ ಆಯ್ಕೆಗಳ ಕೆಳಗಿರುವ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿ. ಆಮೇಲೆ ಏನು ಬರೆದರೂ ಅದು ರ‍್ಯಾಮಿನಲ್ಲಿ ಮಾತ್ರ, ಕರೆಂಟು ತೆಗೆದರೆ ಅಳಿಸಿಹೋಗುತ್ತದೆ. ಇನ್ನೊಂದು ಲಾಭವೂ ಉಂಟು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮೆಮೊರಿ ಕಾರ್ಡ್ ಕೆಡುವುದು ನಿಲ್ಲುತ್ತದೆ. ಪೈ ಮತ್ತು ಮಾನಿಟರ್ ಸೇರಿ 30 ವಾಟಿನ ಆಸುಪಾಸು, 600 ವಿಎ ಯುಪಿಎಸ್ ಅರ್ಧ ಗಂಟೆಗೆ ಮೋಸ ಮಾಡದು.

ಪೆಟ್ಟಿಗೆಯ ಕೆಳಗೂ ಮೇಲೂ ಗಾಳಿಕಿಂಡಿ ಬೇಕು, ಪೈ 80 ಡಿಗ್ರಿ ಮುಟ್ಟಿದರೆ ತಾನೇ ನಿಧಾನವಾಗುತ್ತದೆ. ಕಿಂಡಿಗೆ ಸೊಳ್ಳೆಪರದೆ ಹೊಡೆಯಿರಿ. ಬಿಸಿ ಇರುವಲ್ಲಿಗೆ ಹಲ್ಲಿ ಬಂದೇ ಬರುತ್ತದೆ.

ಹಾಳೆಯ ಮುಖವಾಡ

ಹಾರ್ ಕ್ಯಾಸ್ಕೇಡಿಗೆ ಮುಖವೆಂದರೆ ಬೆಳಕು ನೆರಳಿನ ಒಂದು ಕ್ರಮ: ಕಣ್ಣಿನ ಪಟ್ಟಿ ಕಪ್ಪು, ಅದರ ಕೆಳಗಿನ ಕೆನ್ನೆ ಬಿಳಿ, ಎರಡು ಕಣ್ಣಿನ ನಡುವೆ ಮೂಗಿನ ಸೇತುವೆ ಬಿಳಿ. ಈ ಕ್ರಮ ಕೆಡಿಸಿದರೆ ಅದು ತಡವರಿಸುತ್ತದೆ. ಆಡಂ ಹಾರ್ವೆ ಎಂಬ ಕಲಾವಿದ 2010ರಲ್ಲಿ ಸಿವಿ ಡ್ಯಾಜಲ್ ಎಂಬ ಹೆಸರಿನಲ್ಲಿ ಕೂದಲು ಮತ್ತು ಬಣ್ಣದಿಂದ ಮಾಡಿ ತೋರಿಸಿದ್ದು ಇದನ್ನೇ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಬ್ಬಿನಿಂದ ಕೆನ್ನೆಗೆ ಇಳಿಯುವ ಕಪ್ಪು ಕೆಂಪು, ಅಂಚಿಗೆ ಮುಳ್ಳಿನಂತೆ ಎದ್ದ ಅಕ್ಕಿಹಿಟ್ಟಿನ ಚಿಟ್ಟಿ, ಮೂಗಿನ ಮೇಲೆ ಅಡ್ಡಗೆರೆ. ಮನುಷ್ಯಮುಖದ ಗುರುತು ಒಂದೂ ಅಲ್ಲಿ ತನ್ನ ಜಾಗದಲ್ಲಿಲ್ಲ.

ಬಂದವರ ಮುಖಕ್ಕೆ ನೇರ ಬಣ್ಣ ಬಳಿಯುವುದು ಬೇಡ. ಹಳೆ ಕ್ರಮದ ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ ಇದೆ. ಅಡಿಕೆ ಹಾಳೆಯೇ ಒಳ್ಳೆಯದು. ಒಣಗಿದ ಹಾಳೆಯನ್ನು ಬಗ್ಗಿಸಿದರೆ ಮುರಿಯದಷ್ಟು ಮೆತ್ತಗಾಗುವ ತನಕ ನೀರಲ್ಲಿ ನೆನೆಸಿ, 20 ಸೆಂ.ಮೀ.ಗೆ 25 ಸೆಂ.ಮೀ. ತುಂಡು ಮಾಡಿ, ಬೋರಲು ಹಾಕಿದ ಮಡಕೆಯ ಮೇಲೆ ಹಗ್ಗ ಸುತ್ತಿ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಅಂಚು ಸುರುಳಿ ಸುತ್ತಿಕೊಂಡು ಸೀಳುತ್ತದೆ. ಸರಿಯಾಗಿ ಒಣಗದೆ ಒಂದರ ಮೇಲೊಂದು ಒಟ್ಟಿಟ್ಟರೆ ಬೂಷ್ಟು ಬರುತ್ತದೆ. ಒಣಗಿದ ಮೇಲೆ ಕಣ್ಣಿಗೆ ತೂತು ಕೊರೆದು, ಅಕ್ರಿಲಿಕ್ ಬಣ್ಣದಲ್ಲಿ ಬರೆಯಿರಿ: ಮೂಗಿನ ಸೇತುವೆ ಕಪ್ಪು, ಕಣ್ಣಿನ ಸುತ್ತ ಬಿಳಿ, ಎಡ ಬಲ ಒಂದಕ್ಕೊಂದು ಹೋಲದಂತೆ. ಐದಾರು ಖಾಲಿ ಹಾಳೆ ಮತ್ತು ಬಣ್ಣ ಅಲ್ಲೇ ಇಡಿ. ಮಕ್ಕಳು ಬರೆದು, ಹಿಡಿದು, ಚೌಕ ಮಾಯವಾಗುತ್ತದೋ ಎಂದು ನೋಡಲಿ. ತೆಯ್ಯದ ಮುಖಬರಹವನ್ನು ಇದಕ್ಕೆ ತರಬೇಡಿ. ಅದು ನಂಬಿದವರಿಗೆ ದೈವದ ಮುಖ, ಆಟಕ್ಕಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಬಂದವರಿಗೆ ಸುಳ್ಳು ಧೈರ್ಯ ಕೊಟ್ಟು ಕಳಿಸಿದಂತೆ. ಹಾರ್ ಕ್ಯಾಸ್ಕೇಡಿನ ಜೊತೆಗೆ ಯುನೆಟ್ ಎಂಬ ನ್ಯೂರಲ್ ಮಾದರಿಯನ್ನೂ ಓಡಿಸಿ. ಅದೂ ಓಪನ್‌ಸಿವಿಯಲ್ಲೇ ಓಡುತ್ತದೆ. ಮಾದರಿಯ ಕಡತ ನಿಮ್ಮ ಓಪನ್‌ಸಿವಿಯ ಆವೃತ್ತಿಗೆ ಹೊಂದದಿದ್ದರೆ ಶುರುವಿನಲ್ಲೇ ಎಡವುತ್ತದೆ, ಆಗ ಹಿಂದಿನ ವರ್ಷದ ಕಡತ ಹಾಕಿ ನೋಡಿ. ಹಾರ್ ಕಂಡರೆ ಬಿಳಿ ಚೌಕ, ಯುನೆಟ್ ಕಂಡರೆ ಅದರ ಹೊರಗೊಂದು ಹಳದಿ ಚೌಕ. ಮುಖಕ್ಕೆ ಹಾಳೆ ಅಡ್ಡ ಹಿಡಿದಾಗ ಬಿಳಿ ಹೋಗುತ್ತದೆ, ಹಳದಿ ಬಹಳ ಸಲ ಅಲ್ಲೇ ನಿಂತಿರುತ್ತದೆ. ಇಂದು ಬಳಕೆಯಲ್ಲಿರುವ ಯಂತ್ರಗಳಲ್ಲಿ ಹೆಚ್ಚಿನವು ಎರಡನೆಯ ಜಾತಿಯವು.

ನೆಲದ ನಕ್ಷೆ

ಊರಿನ 50 ಮೀಟರ್ ರಸ್ತೆಯನ್ನು ಆರಿಸಿ, 1 ಮೀಟರಿಗೆ 10 ಸೆಂ.ಮೀ.ನಂತೆ ನೆಲದಲ್ಲಿ ಬರೆಯಿರಿ. ಪ್ರತಿ ಕ್ಯಾಮೆರಾಕ್ಕೂ ಅದಕ್ಕೆ ಕಾಣುವಷ್ಟು ಜಾಗ ತೋರುವ ಒಂದು ಬೀಸಣಿಗೆಯ ಆಕಾರ ಇರಲಿ. ಅಂಗಡಿಗಳಿಗೆ ಹಾಕುವ ಕ್ಯಾಮೆರಾಗಳಲ್ಲಿ 2.8 ಮಿ.ಮೀ. ಮಸೂರ ಬಹಳ ಸಾಮಾನ್ಯ, ಅದರ ನೋಟ 105 ಡಿಗ್ರಿಯ ಸುಮಾರು, ಲಂಬಕೋನಕ್ಕಿಂತ ಚೂರು ಹೆಚ್ಚು. ಕಣ್ಗಾವಲು ಕ್ಯಾಮೆರಾಗಳ ಬಗೆಗಿನ 2014ರ ಐಇಸಿ 62676-4 ಎಂಬ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಅಪರಿಚಿತನನ್ನು ಗುರುತು ಹಿಡಿಯಲು ಮೀಟರಿಗೆ 250 ಪಿಕ್ಸೆಲ್ ಬೇಕು, ಪರಿಚಯದವರನ್ನು ಗುರುತಿಸಲು 125, ಉಡುಪು ಮತ್ತು ಓಡಾಟ ನೋಡಲು 62.5. 1920 ಪಿಕ್ಸೆಲ್ ಅಗಲದ ಕ್ಯಾಮೆರಾಕ್ಕೆ ಇವು ಕ್ರಮವಾಗಿ 3, 6, 12 ಮೀಟರ್. ನೆಲದಲ್ಲಿ ದಾರಕ್ಕೆ ಸುಣ್ಣದ ಕಡ್ಡಿ ಕಟ್ಟಿ 30, 60, 120 ಸೆಂ.ಮೀ. ಕಮಾನು ಎಳೆದು, ಒಳಗಿನದಕ್ಕೆ ಕೆಂಪು, ನಡುವಿನದಕ್ಕೆ ಹಳದಿ, ಹೊರಗಿನದಕ್ಕೆ ಬಿಳಿ ರಂಗೋಲಿ ತುಂಬಿ. ಕೆಂಪು ಎಷ್ಟು ಚಿಕ್ಕದು ಎಂದು ಕಂಡಾಗ ಕ್ಯಾಮೆರಾ ಇದ್ದರೆ ಎಲ್ಲವೂ ಸಿಗುತ್ತದೆ ಎಂಬ ನಂಬಿಕೆ ಅಲುಗುತ್ತದೆ. ಬಿಳಿ ಎಷ್ಟು ದೊಡ್ಡದು ಎಂದು ಕಂಡಾಗ ಇನ್ನೊಂದು ಬಗೆಯ ಕಳವಳ.

ಮನೆಯ ಗೇಟಿನ ಕ್ಯಾಮೆರಾಗಳನ್ನು, ಪೊಲೀಸ್ ಠಾಣೆ ಮತ್ತು ಬ್ಯಾಂಕಿನ ಒಳಗಿನವನ್ನು ಬರೆಯಬೇಡಿ. ಅಂಗಡಿಯ ಹೆಸರೂ ಬೇಡ. ನಕ್ಷೆಯ ಫೋಟೋ ತೆಗೆದು ಎಲ್ಲೂ ಹಾಕದಂತೆ ಬಾಗಿಲಲ್ಲೇ ಕೇಳಿಕೊಳ್ಳಿ.

ಬಾಗಿಲ ಫಲಕ

ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ಹೇಳಿತು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು ಎನ್ನುತ್ತದೆ. ಕನ್ನಡ, ಮಲಯಾಳ, ಕೊಂಕಣಿ, ಮರಾಠಿ, ಉರ್ದು ಆ ಪಟ್ಟಿಯಲ್ಲಿವೆ. ತುಳು, ಬ್ಯಾರಿ ಇಲ್ಲ. ನಿಮ್ಮ ಫಲಕದಲ್ಲಿ ಅವೂ ಇರಲಿ. ಬರಹ ಇಷ್ಟು ಸಾಕು: ‘ಒಳಗಿನ ಕನ್ನಡಿಯಲ್ಲಿ ಕ್ಯಾಮೆರಾ ಇದೆ. ಅದು ಮುಖ ನೋಡುತ್ತದೆ, ಉಳಿಸುವುದಿಲ್ಲ. ಬೇಡವಾದವರು ಎಡಗಡೆಯಿಂದ ಬನ್ನಿ, ಅಲ್ಲಿ ಅದಕ್ಕೆ ನೀವು ಕಾಣುವುದಿಲ್ಲ.’ ಆ ಎಡದಾರಿ ಮಾತಿಗಷ್ಟೇ ಇದ್ದರೆ ಆಗದು. ಟರ್ಪಾಲು ಕಟ್ಟಿ, ನೀವೇ ನಡೆದು, ಚೌಕ ಮೂಡುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಕ್ಯಾಮೆರಾದ ನೋಟ ಅಡ್ಡಕ್ಕೆ 66 ಡಿಗ್ರಿ. ಒಂದೂವರೆ ಮೀಟರ್ ದೂರದಲ್ಲಿ ನಡುವಿನಿಂದ ಎರಡೂ ಕಡೆಗೆ ಒಂದೊಂದು ಮೀಟರ್ ಅದಕ್ಕೆ ಸೇರಿದ್ದು.

ಸಂಜೆ ಮುಗಿಸುವಾಗ ಎದುರಿದ್ದವರಿಗೆ ಕಾಣುವಂತೆ ಪೈಯ ಪ್ಲಗ್ ಕಿತ್ತುಬಿಡಿ, ಓವರ್‌ಲೇ ಇರುವುದರಿಂದ ಹಾನಿಯಿಲ್ಲ. ರಂಗೋಲಿ ಗುಡಿಸುವ ಮೊದಲು ಪೆಟ್ಟಿಗೆಯ ಕಿಂಡಿಗಳಿಗೆ ಒದ್ದೆ ಬಟ್ಟೆ ಮುಚ್ಚಿ. ಆ ಪುಡಿ ಮಸೂರದ ತೂತಿನಲ್ಲಿ ಒಮ್ಮೆ ಕೂತರೆ ಮರುದಿನ ಬಂದವರ ಮುಖಗಳೆಲ್ಲ ಮಂಜಿನಲ್ಲಿ ನಿಂತಂತೆ ಇರುತ್ತವೆ, ಚೌಕ ಬೀಳುವುದಿಲ್ಲ.